ನನ್ನ ಪಾಲಿನ ಸೂಜಿ

ಬೆಳಿಗ್ಗೆ ಪೂಜೆಗೆ ಕೂತು ವಿಭೂತಿ ಗಟ್ಟಿಯ ಮೇಲೆ ಎರಡು ಹನಿ ನೀರು ಬಿಟ್ಟರೆ ಒಂದು ವಾಸನೆ ಏಳುತ್ತದೆ. ಒದ್ದೆ ಮಣ್ಣಿನದಲ್ಲ, ಸುಣ್ಣ ಬಳಿದ ಗೋಡೆಯದೂ ಅಲ್ಲ, ಎರಡರ ನಡುವಿನದು. ಮದುವೆಯಾಗಿ ಬಂದಾಗಿನಿಂದ ಆ ವಾಸನೆ ಬಂದ ಮೇಲೆಯೇ ನನಗೆ ಬೆಳಗಾಗುವುದು. ಮೂರು ಬೆರಳು ಅದ್ದಿ ಹಣೆಗೆ, ಕೊರಳಿಗೆ, ತೋಳಿಗೆ ಎಳೆದುಕೊಳ್ಳುತ್ತ ಬರುತ್ತೇನೆ. ಎಡ ಮುಂಗೈ ಹತ್ತಿರ ಬಂದ ಕೂಡಲೇ ಬೆರಳು ನಿಂತುಬಿಡುತ್ತವೆ. ಒಮ್ಮೆ ಒದ್ದ ಎಮ್ಮೆಯ ಕೆಚ್ಚಲಿಗೆ ಕೈ ಹಾಕಲು ಹಿಂದೆಗೆಯುತ್ತೇವಲ್ಲ, ಹಾಗೆ.

ಅಲ್ಲೊಂದು ಹಚ್ಚೆ ಇದೆ. ಹೆಬ್ಬೆರಳಿನಷ್ಟು ಉದ್ದದ ತ್ರಿಶೂಲ. ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವರ ಮನೆಯ ಹೆಂಗಸು, ಐವತ್ತು ದಾಟಿದವಳು, ಹರಿದ ಕುಪ್ಪಸಕ್ಕೂ ಸೂಜಿ ಹಿಡಿಯದೆ ದರ್ಜಿಯ ಮನೆಗೆ ಕಳಿಸುವವಳು, ಈ ವಯಸ್ಸಿನಲ್ಲಿ ಮೊದಲ ಹಚ್ಚೆ ಹಾಕಿಸಿಕೊಂಡಳು ಎಂದರೆ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. ನಮ್ಮ ಅಕ್ಕ ಇನ್ನೂ ನಗುವುದು ನಿಲ್ಲಿಸಿಲ್ಲ.

ಅಕ್ಕನಿಂದಲೇ ಶುರುಮಾಡಿದರೆ ಸರಿ. ನಮ್ಮ ತವರು ಹಲವಾಗಲು. ನನಗೆ ಒಂಬತ್ತು ವರ್ಷ, ಅಕ್ಕ ಗಂಗಮ್ಮನಿಗೆ ಹನ್ನೆರಡು. ಸುಗ್ಗಿ ಮುಗಿದ ಮೇಲೆ ಹಚ್ಚೆ ಹಾಕುವ ಹೆಂಗಸೊಬ್ಬಳು ಊರಿಗೆ ಬರುತ್ತಿದ್ದಳು. ಹಚ್ಚೆ ಇಲ್ಲದ ಕೈಯ ನೀರನ್ನು ಅತ್ತೆಮಾವ ಕುಡಿಯುವುದಿಲ್ಲ ಎನ್ನುತ್ತಿದ್ದ ಕಾಲ ಅದು. ಸತ್ತಾಗ ಮೈಮೇಲಿನ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವುದು ಎಂದೂ ಹಿರಿಯರು ಹೇಳುವರು. ಅವ್ವ ಮೊದಲೇ ಆಕೆಗೆ ಒಂದು ಮೊರ ಜೋಳ, ಒಂದು ಬೆಲ್ಲದ ಉಂಡೆ ಕೊಟ್ಟು ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿದಳು. ಆ ಹೆಂಗಸು ತೆಂಗಿನ ಚಿಪ್ಪಿನಲ್ಲಿ ಕಪ್ಪು ಕಲಸಿದಳು. ಮೂರು ಸೂಜಿಗಳನ್ನು ಸೇರಿಸಿ ದಾರದಿಂದ ಬಿಗಿದಳು. ಮಕ್ಕಳಿಗೆ ನೋವು ಮರೆಯಲೆಂದು ಆಕೆ ಹಾಡು ಎತ್ತಿಕೊಳ್ಳುವ ಹೊತ್ತಿಗೆ ನಾನು ಹಿತ್ತಲಲ್ಲಿದ್ದೆ.

ಹಿತ್ತಲಿನ ಮೇವಿನ ಬಣವೆಯಲ್ಲಿ ಕರು ತಿಂದು ತಿಂದು ಒಂದು ಗೂಡು ಮಾಡಿತ್ತು. ಅದರೊಳಗೆ ಸೇರಿಕೊಂಡೆ. ಅಕ್ಕ ಚೀರಿದ್ದು ಕೇಳಿಸಿತು. ಆಮೇಲೆ ಸುಮ್ಮನಾಯಿತು. ಮುಗಿಯಿತೆಂದುಕೊಂಡರೆ ಮತ್ತೆ ಚೀರಿದಳು, ಈ ಸಲ ಇನ್ನೂ ಜೋರಾಗಿ. ಅದೇಕೆಂದು ನನಗೆ ತಿಳಿದದ್ದು ಸಂಜೆ, ಹಸಿವು ತಾಳದೆ ಹೊರಗೆ ಬಂದಾಗ. ಅಕ್ಕನ ಎರಡೂ ಕೈಗಳು ಊದಿ, ಅರಿಶಿನ ಮೆತ್ತಿಕೊಂಡಿದ್ದವು.

"ಕೊಟ್ಟ ಜೋಳ ವಾಪಸ್ ಕೇಳಾಕ ಆಗ್ತೈತೇನು? ನಿನ್ನ ಪಾಲಿಂದು ಇಕಿಗೆ ಹಾಕಿಸಿದೆ" ಎಂದಳು ಅವ್ವ, ಒಬ್ಬಳು ಉಣ್ಣದಿದ್ದರೆ ಇನ್ನೊಬ್ಬಳ ತಾಟಿಗೆ ಬಡಿಸಿದಷ್ಟು ಸಲೀಸಾಗಿ.

ಅಂದಿನಿಂದ ಇಂದಿನವರೆಗೂ ಅಕ್ಕ ನಾಲ್ಕು ಜನ ಸೇರಿದ ಕಡೆ ಬಲಗೈ ಚಾಚಿ ತೋರಿಸುತ್ತಾಳೆ. "ಇದು ನಂದಲ್ರವ್ವ, ನಮ್ಮ ತಂಗೀದು. ಬಾಡಿಗಿ ಇಲ್ದಂಗ ಹೊತ್ಗಂಡು ತಿರುಗಾಕತ್ತೀನಿ." ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಆ ಎರಡನೆಯ ಚೀರಾಟ ನನ್ನ ಕಿವಿಯಿಂದ ಹೋಗಿಲ್ಲ.

ದೇವರು ದೊಡ್ಡವನು. ನಮ್ಮತ್ತೆ ಕೊನೆಯ ದಿನದವರೆಗೂ ನನ್ನ ಈ ಬೋಳು ಕೈಯಿಂದಲೇ ನೀರು ಕುಡಿದರು, ಒಂದು ದಿನವೂ ಮಾತು ಎತ್ತಲಿಲ್ಲ. ಇಂಥ ಸಣ್ಣ ಸಣ್ಣ ದಯೆಗಳನ್ನು ನಾನು ಮರೆಯುವವಳಲ್ಲ. ಸೂಜಿಯ ಭಯವನ್ನೂ ಮರೆಯುವವಳಲ್ಲ. ಶುಗರ್ ಇದೆ ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟು, ಆಗಾಗ ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಗುಳಿಗೆ ನುಂಗಿದೆ. ಪರೀಕ್ಷೆಗೆ ಹೋಗಲಿಲ್ಲ. ಬೆರಳ ತುದಿಗೆ ಚುಚ್ಚುತ್ತಾರಲ್ಲ, ಅದಕ್ಕೆ. ಎರಡು ವರ್ಷ ಹಾಗೇ ತಳ್ಳಿದೆ.

ಇಂಥವಳು ಹೋದ ವರ್ಷ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಹರಕೆ ಹೊತ್ತುಬಿಟ್ಟೆ. ಮಗಳು ಶೋಭಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಕೂಸು ಹುಟ್ಟಿತು, ಹೆಣ್ಣು, ಗಟ್ಟಿಯಾಗಿ ಅತ್ತಿತು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಮಟಮಟ ಮಧ್ಯಾಹ್ನ. ನಮ್ಮ ಮನೆಯವರು ರಕ್ತದ ಬಾಟಲಿಗೆ ಓಡಿದ್ದರು. ನರ್ಸಮ್ಮ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ನನ್ನ ಮುಖ ನೋಡುತ್ತಿರಲಿಲ್ಲ. 

ಮೈಲಾರಲಿಂಗ ನಮ್ಮ ಮನೆದೇವರು. ಏನು ಕೊಡಲಿ ಅವನಿಗೆ? ಕಾಯಿ, ಬೆಳ್ಳಿ, ಎಡೆ, ಎಲ್ಲವೂ ನೆನಪಾದವು. ಕೊಡಲು ಕಷ್ಟವಾಗದ್ದನ್ನು ಕೊಟ್ಟರೆ ಅದೆಂಥ ಹರಕೆ ಎನಿಸಿತು. ಬಾಯಿ ತಾನಾಗಿಯೇ ನುಡಿಯಿತು: "ನಿನ್ನ ತ್ರಿಶೂಲ ನನ್ನ ಕೈಮ್ಯಾಲೆ ಚುಚ್ಚಿಸ್ಕಂತೀನಿ ನಮ್ಮಪ್ಪಾ. ಲಿಂಗ ಹಿಡಿಯೋ ಕೈಮ್ಯಾಲೇ. ನನ್ನ ಮಗಳ್ನ ಕೊಡು."

ಮಗಳು ಉಳಿದಳು. ಡಾಕ್ಟರ ಔಷಧಿಯೋ, ಮೈಲಾರನ ಕೃಪೆಯೋ, ನಾನು ಇಬ್ಬರಿಗೂ ಕೈಮುಗಿದೆ.

ಆಮೇಲೆ ಎಂಟು ತಿಂಗಳು ಸುಮ್ಮನಿದ್ದೆ. ಬಾಣಂತನ ಇದೆ ಎಂದೆ, ಬೇಸಿಗೆ ಎಂದೆ, ಆಷಾಢ ಎಂದೆ. ಆದರೆ ಕೂಸಿಗೆ ಸೀನು ಬಂದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು: ನೆನಪಿಸುತ್ತಿದ್ದಾನೆ, ಕೊಟ್ಟ ಮಾತು ಕೇಳುತ್ತಿದ್ದಾನೆ. ಮುಂದೆ ಸೂಜಿ, ಹಿಂದೆ ದೇವರು. ಕೊನೆಗೆ ಹರಪನಹಳ್ಳಿಯಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹರಕೆಯ ವಿಷಯ ಹೇಳಿದೆ.

"ನಾಳೇನ ಬಸ್ಸಿಗೆ ಬಾ" ಎಂದಳು ಅಕ್ಕ. "ನಮ್ಮ ಓಣ್ಯಾಗ ಬಣವಿ ಇಲ್ಲ, ಮೊದಲೇ ಹೇಳಿರ್ತೀನಿ."

ಅಕ್ಕನ ಊರಿನ ಹಚ್ಚೆ ಅಂಗಡಿ ಮೊಬೈಲ್ ರಿಪೇರಿಯವರ ಮಹಡಿಯ ಮೇಲಿತ್ತು. ಹಾಕುವವರು ನಲವತ್ತರ ಆಸುಪಾಸಿನವರು. ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರಂತೆ. ಫ್ಲೆಕ್ಸ್ ಬಂದ ಮೇಲೆ ಕುಂಚ ಬಿಟ್ಟು ಈ ಮಷೀನು ಹಿಡಿದವರು. ಗೋಡೆಯ ತುಂಬ ಹುಲಿ, ಹದ್ದು, ತಲೆಬುರುಡೆಗಳ ಚಿತ್ರ. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿ ಕೂತೆ. ಅವರು ನನ್ನ ಕೈ ಒರೆಸಿದರು, ಹೊಸ ಸೂಜಿಯ ಪ್ಯಾಕೆಟ್ ಹರಿದ ಸದ್ದಾಯಿತು.

"ಬಿಪಿ, ಶುಗರ್ ಏನಾರ ಐತೇನ್ರಿ ಅಮ್ಮಾರೆ?"

ಐತಿ ಎಂದರೆ ವಾಪಸ್ ಕಳಿಸುತ್ತಾರೆ. ವಾಪಸ್ ಹೋದರೆ ಈ ಜನ್ಮದಲ್ಲಿ ಮತ್ತೆ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. "ಇಲ್ರಿ" ಎಂದೆ. ಶುಗರಿನ ವಿಷಯ ಅಕ್ಕನಿಗೂ ಹೇಳಿರಲಿಲ್ಲವಾದ್ದರಿಂದ ಅವಳು ಸುಮ್ಮನೆ ನನ್ನ ಹೆಗಲು ಹಿಡಿದು ನಿಂತಿದ್ದಳು. ದೇವರ ಹರಕೆ ತೀರಿಸಲು ಕೂತು ಸುಳ್ಳು ಹೇಳಿದವಳು ನಾನು.

ಮಷೀನು ಕಣಜದ ಹುಳುವಿನಂತೆ ಗುಂಯ್ ಎಂದಿತು. ನಾನು "ಯವ್ವಾ" ಎಂದು ಕೂಗಿದೆ.

"ಕಣ್ಣ ಬಿಡಬೇ" ಎಂದಳು ಅಕ್ಕ. "ಇನ್ನ ಕೈಗೆ ತಾಗಿಸೇ ಇಲ್ಲ ಅವರು, ಮಷಿನ್ ಚೆಕ್ ಮಾಡಾಕತ್ಯಾರ."

ಕಾಲು ಗಂಟೆಯಲ್ಲಿ ಮುಗಿಯಿತು. ಸುಡುಸುಡು ಎಂದಿತು, ನಿಜ. ಆದರೆ ಬಣವೆಯೊಳಗೆ ಕೂತು ನಾನು ಅಂದುಕೊಂಡಷ್ಟಲ್ಲ. ಕಾಲು ಗಂಟೆಯ ಉರಿಗೆ ನಲವತ್ತು ವರ್ಷಕ್ಕೂ ಮಿಕ್ಕಿ ಹೆದರಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅವರು ಕೈಗೆ ತೆಳು ಪ್ಲಾಸ್ಟಿಕ್ ಸುತ್ತಿ ಪಾಠ ಹೇಳಿದರು. "ಸಂಜಿಗೆ ಇದನ್ನ ಬಿಚ್ಚಿ, ಉಗುರುಬೆಚ್ಚನೆ ನೀರಾಗ ಮೆಲ್ಲಕ ತೊಳೀರಿ. ಉಜ್ಜಬ್ಯಾಡ್ರಿ, ಒತ್ತಿ ಒರೆಸ್ರಿ. ಈ ಮುಲಾಮು ತೆಳ್ಳಗ ಹಚ್ರಿ. ಬಿಸಿಲು ಬ್ಯಾಡ, ಪಾತ್ರಿ ತೊಳಿಯೋ ಪುಡಿ ಬ್ಯಾಡ. ಪೊರಿ ಎದ್ರ ಕೀಳಬ್ಯಾಡ್ರಿ. ಮುಖ್ಯ, ನಿಮ್ಮ ಅರಿಶಿನ, ಕೊಬ್ಬರಿ ಎಣ್ಣಿ, ಏನೂ ಹಚ್ಚಬ್ಯಾಡ್ರಿ."

ಮನೆಗೆ ಬಂದಾಗ ನಮ್ಮ ಮನೆಯವರು ಗಿರಣಿಯಿಂದ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು ನೋಡಿದರು. "ಚಲೋ ಬಂದೈತಿ. ಶುಗರ್ ಐತಂತ ಹೇಳಿದ್ಯಾ?" "ಹೂಂನ್ರಿ" ಎಂದೆ. ಇದು ಎರಡನೆಯ ಸುಳ್ಳು.

ಹೇಳಿದ್ದನ್ನು ಅಕ್ಷರ ತಪ್ಪದೆ ಮಾಡಿದೆ. ಪಾತ್ರೆ ಬಲಗೈಯೊಂದರಲ್ಲೇ ತಿಕ್ಕಿದೆ. ಹೊರಗೆ ಹೋದರೆ ಸೆರಗು ಸುತ್ತಿಕೊಂಡೆ. ಹಸುಗೂಸಿನ ಹಾಗೆ ನೋಡಿಕೊಂಡೆ ಆ ಕೈಯನ್ನು. ಅರಿಶಿನ ಹಚ್ಚಲಿಲ್ಲ, ಎಣ್ಣೆ ಮುಟ್ಟಿಸಲಿಲ್ಲ. ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ಮಾತ್ರ, ಹಣೆಗೆ, ಕೊರಳಿಗೆ, ತೋಳಿಗೆ ಧರಿಸುವ ವಿಭೂತಿಯನ್ನು ಆ ಹಸಿ ತ್ರಿಶೂಲದ ಮೇಲೂ ಮೂರು ಬೆರಳಿನಿಂದ ಎಳೆದೆ. ಅವರು ಹೇಳಿದ ಪಟ್ಟಿಯಲ್ಲಿ ಅದು ಇರಲಿಲ್ಲ. ಇದ್ದಿದ್ದರೂ ನನಗೆ ಹೊಳೆಯುತ್ತಿತ್ತೋ ಇಲ್ಲವೋ. ವಿಭೂತಿಯಿಂದ ಕೇಡಾಗುತ್ತದೆ ಎಂದು ನಮ್ಮಂಥವರಿಗೆ ಯಾರು ಹೇಳಿಕೊಟ್ಟಿದ್ದಾರೆ? ಇನ್ನೂ ಬೇಗ ಮಾಯಲಿ ಎಂದು ಒಂದೆಳೆ ಹೆಚ್ಚೇ ಎಳೆದೆ.

ಐದನೆಯ ದಿನ ಕೈ ಬಿಸಿಯಾಯಿತು. ಸುತ್ತ ಕೆಂಪಾಗಿ, ಪೊರೆಯ ಕೆಳಗಿನಿಂದ ನೀರು ಜಿನುಗಿತು. ನಮ್ಮ ಓಣಿಯ ಶಾಂತಮ್ಮನಿಗೆ ಶುಗರಿನಿಂದ ಕಾಲಿನ ಹೆಬ್ಬೆರಳು ತೆಗೆದಿದ್ದರು. ಚಪ್ಪಲಿ ಚುಚ್ಚಿದ ಸಣ್ಣ ಗಾಯವಂತೆ. ಆ ಬೆರಳಿಲ್ಲದ ಪಾದವೇ ಕಣ್ಣ ಮುಂದೆ ಬಂತು. ಹಾಲಿನವನ ಲೆಕ್ಕ ಬರೆಯುವ ಪೆನ್ನಿನಿಂದ ಕೆಂಪಿನ ಅಂಚಿಗೆ ಒಂದು ಗೆರೆ ಹಾಕಿಕೊಂಡೆ. ಮರುದಿನ ಬೆಳಿಗ್ಗೆ ಕೆಂಪು ಗೆರೆ ದಾಟಿತ್ತು. ಇನ್ನೊಂದು ಗೆರೆ ಹಾಕಿದೆ. ಸಂಜೆಗೆ ಅದನ್ನೂ ದಾಟಿತು. ಮನೆಯವರಿಗೆ ಹೇಳಬೇಕೆಂದರೆ ಸುಳ್ಳು ಬಯಲಾಗುತ್ತದೆ. ದೇವರಿಗೆ ಹೇಳೋಣವೆಂದರೆ, ಶಿಕ್ಷೆ ಕೊಡುತ್ತಿರುವವನೇ ಅವನಲ್ಲವೇ? ತುಂಬುತೋಳಿನ ಕುಪ್ಪಸ ತೊಟ್ಟು ತಿರುಗಾಡಿದೆ.

ಏಳನೆಯ ದಿನ ಬೆಳಿಗ್ಗೆ ಇಬ್ಬರೂ ಎದುರುಬದುರು ಪೂಜೆಗೆ ಕೂತಿದ್ದೆವು. ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಮೇಲಿಟ್ಟುಕೊಂಡೆ. ಅಂಗೈ ಝುಂ ಎನ್ನುತ್ತಿತ್ತು. ಬೆರಳು ನನ್ನ ಮಾತು ಕೇಳಲಿಲ್ಲ. ನೋಡನೋಡುತ್ತ ಲಿಂಗ ಒಂದು ಕಡೆಗೆ ವಾಲಿತು. ಕೊರಳಿಗೆ ಕಟ್ಟಿದಂದಿನಿಂದ ಒಂದು ದಿನವೂ ನನ್ನ ಕೈಯಿಂದ ಜಾರದ ಲಿಂಗ. ಹಿಡಿಯಬೇಕೆಂದರೆ ಬಲಗೈಯಲ್ಲಿ ನೀರಿನ ಗಿಂಡಿ. ಸೂಜಿಗೆ ಹೆದರಿದ್ದೆ, ಕೈ ಹೋದೀತೆಂದು ಹೆದರಿದ್ದೆ. ಆ ಗಳಿಗೆಯ ಭಯದ ಮುಂದೆ ಅವು ಭಯಗಳೇ ಅಲ್ಲ.

ನಮ್ಮ ಮನೆಯವರ ಅಂಗೈ ನನ್ನ ಅಂಗೈ ಕೆಳಗೆ ಬಂತು. ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು. ಲಿಂಗ ಬೀಳಲಿಲ್ಲ. ಹಿಡಿದ ಕೈ ಸುಡುವುದು ಅವರಿಗೆ ಗೊತ್ತಾಯಿತು. ಕುಪ್ಪಸದ ತೋಳು ಮೇಲೆತ್ತಿ, ಪೆನ್ನಿನ ಗೆರೆಗಳನ್ನು ನೋಡಿದರು.

"ಎಷ್ಟು ದಿನಾತು?"

"ಮೂರು ದಿನಾತ್ರಿ. ಶುಗರ್ ಐತಂತ ಅವರಿಗೆ ಹೇಳಿರ್ಲಿಲ್ರಿ ನಾನು."

ಅವರು ಬೈಯಲಿಲ್ಲ. "ಪೂಜಿ ಮುಗಿಸು. ಮುಗಿಯೋತನ ಹಿಡ್ಕಂಡಿರ್ತೀನಿ" ಎಂದರು. ಆ ದಿನದ ಪೂಜೆಯನ್ನು ಎರಡು ಕೈಗಳ ಮೇಲೆ ಮುಗಿಸಿದೆ.

ಡಾಕ್ಟರಮ್ಮ ಹತ್ತಿಯಿಂದ ಒರೆಸುತ್ತ, ಏನು ಹಚ್ಚಿದಿರಿ ಎಂದರು. ಮುಲಾಮು ಬಿಟ್ಟು ಏನೂ ಹಚ್ಚಿಲ್ಲವೆಂದೆ. ಹತ್ತಿಗೆ ಬೂದುಬಣ್ಣ ಬಂತು. "ಮತ್ತ ಇದೇನಮ್ಮ?"

"ಅದು ವಿಭೂತಿರಿ."

"ಏನೂ ಹಚ್ಚಿಲ್ಲ ಅಂದ್ರಲ್ಲ?"

"ಅದು ದೇವರದ್ದಲ್ಲೇನ್ರಿ?" ಎಂದೆ. ಡಾಕ್ಟರಮ್ಮ ನನ್ನ ಮುಖ ನೋಡಿದರು, ಅವರ ಹಣೆಯ ಮೇಲೂ ಒಂದೆಳೆ ಇತ್ತು. "ದೇವರದೇ. ಆದ್ರ ಹಸಿ ಗಾಯಕ್ಕ ಪುಡಿ ಪುಡೀನಾ. ಮಾಯೋತನ ಹಣಿಗೆ ಸಾಕು, ಅವ ಬ್ಯಾಸರ ಮಾಡ್ಕಳಲ್ಲ."

ಬೆರಳಿಗೆ ಚುಚ್ಚಿ ಶುಗರ್ ನೋಡಿದರು.  ಇನ್ನೊಂದು ವರ್ಷ ಹೀಗೇ ಬಿಟ್ಟಿದ್ದರೆ ಕಣ್ಣೋ ಕಿಡ್ನಿಯೋ ಹೋಗುತ್ತಿತ್ತು, ಈ ಹಚ್ಚೆ ನಿಮ್ಮನ್ನು ನನ್ನ ಹತ್ತಿರ ಎಳೆದು ತಂದಿತು ಎಂದರು. ಗಾಯಕ್ಕೆ ಔಷಧಿ ಕೊಟ್ಟರು. ಶುಗರಿಗೆ ಇನ್ಸುಲಿನ್ ಬರೆದರು. ದಿನಾ ಬೆಳಿಗ್ಗೆ, ಹೊಟ್ಟೆಗೆ ಸೂಜಿ.

ಒಂದು ಸಲದ ಸೂಜಿ ತಪ್ಪಿಸಿಕೊಂಡವಳಿಗೆ ದಿನಕ್ಕೊಂದು ಸೂಜಿ.

ಕೈ ಉಳಿಯಿತು. ಪೊರೆಯ ಜೊತೆಗೆ ತ್ರಿಶೂಲದ ದಂಡದ ನಡುವಿನ ಒಂದು ತುಣುಕು ಉದುರಿಹೋಯಿತು. ಗದ್ದಲವಿಲ್ಲದ ಒಂದು ದಿನ ಮೈಲಾರಕ್ಕೆ ಹೋಗಿ ಕೈ ತೋರಿಸಿ, ಎರಡು ಸುಳ್ಳುಗಳನ್ನೂ ಒಪ್ಪಿಕೊಂಡು ಬಂದೆ. ಹೋದ ತುಣುಕನ್ನು ಮತ್ತೆ ತುಂಬಿಸೋಣ ಎಂದು ಅಕ್ಕ ಹೇಳುತ್ತಲೇ ಇದ್ದಾಳೆ. ನಾನು ಹೂಂ ಎಂದಿಲ್ಲ.

ಮೂರು ತಿಂಗಳಿಂದ ಇನ್ಸುಲಿನ್ ಚುಚ್ಚುತ್ತಿದ್ದವರು ನಮ್ಮ ಮನೆಯವರೇ. ನಾನು ಗೋಡೆ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಶಿವನಾಮ ಹೇಳುತ್ತ ಕೂರುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಅಕ್ಕನ ಫೋನು ಬರುತ್ತದೆ: "ಚುಚ್ಚಿದ್ರೇನು ನಿಮ್ಮ ಮನಿಯವರು? ಓಡಿ ಹೋಗಿಲ್ಲ ತಾನೆ ನೀನು?"

ನಿನ್ನೆ ಮನೆಯವರು ಹಡಗಲಿಗೆ ಮದುವೆಯ ಮಾತುಕತೆಗೆ ಹೋದರು. ಬರುವುದು ಇವತ್ತು ಸಂಜೆ. ಪಕ್ಕದ ಮನೆಯವರನ್ನು ಕರೆಯಬಹುದಿತ್ತು. ಇವತ್ತು ಬೆಳಿಗ್ಗೆ ವಿಭೂತಿ ಧರಿಸುತ್ತ ಬಂದಾಗ ಬೆರಳು ಮುಂಗೈ ಹತ್ತಿರ ಎಂದಿನಂತೆ ನಿಂತವು. ಚರ್ಮ ಮಾಯ್ದು ಎಷ್ಟೋ ದಿನವಾಗಿದೆ. ನಿಂತ ಬೆರಳನ್ನು ಸ್ವಲ್ಪ ಹೊತ್ತು ನೋಡಿದೆ, ಆಮೇಲೆ ಎಳೆದೆ, ಮೂರು ಎಳೆ, ತ್ರಿಶೂಲದ ಮೇಲೆಯೇ. ಏನೂ ಆಗಲಿಲ್ಲ. ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಪೂಜೆ ಮುಗಿಸಿದೆ. ಕೈ ಅಲುಗಲಿಲ್ಲ.

ಎದ್ದು ಫ್ರಿಜ್ಜಿನ ಬಾಗಿಲಿನಲ್ಲಿ, ಮಲ್ಲಿಗೆ ದಂಡೆಯ ಪಕ್ಕ ಇಟ್ಟಿದ್ದ ಇನ್ಸುಲಿನ್ ಪೆನ್ನು ತೆಗೆದೆ. ಡಾಕ್ಟರಮ್ಮ ತೋರಿಸಿಕೊಟ್ಟಂತೆ ಅಳತೆ ತಿರುಗಿಸಿದೆ.  ಹಿತ್ತಲ ಬಾಗಿಲು ತೆರೆದೇ ಇತ್ತು, ಆ ಕಡೆ ಒಮ್ಮೆ ನೋಡಿದ್ದು ಸುಳ್ಳಲ್ಲ. ಭಯ ಹೋಗಲಿ ಎಂದು ಕಾಯುತ್ತ ಕೂತರೆ ಅಡುಗೆ ತಡವಾಗುತ್ತದೆ. ಹೊಟ್ಟೆ ಹಿಡಿದು, ಕಣ್ಣು ಮುಚ್ಚದೆ, ಚುಚ್ಚಿಕೊಂಡೆ.

ಫೋನು ಬಂತು. ಅಕ್ಕ ಬಾಯಿ ತೆರೆಯುವ ಮೊದಲೇ ಹೇಳಿದೆ.

"ಅಕ್ಕಾ, ಇವತ್ತು ನನ್ನ ಪಾಲಿಂದು ನಾನೇ ಚುಚ್ಚಿಗಂಡೆ."

ಆ ಕಡೆಯಿಂದ ನಗು ಕೇಳಿಸುತ್ತದೆಂದು ಕಾದೆ. ಕೇಳಿಸಲಿಲ್ಲ. ಅಕ್ಕ, "ನೋವಾತೇನು?" ಎಂದಳು.