ಏಣಿಯ ಬುಡದಲ್ಲಿ ನಿಂತವರು

ಮುಂಜಾನೆಯ ಸೂರ್ಯನನ್ನು ನಾನು ಗಾಜಿನ ಮೂಲಕ ನೋಡತೊಡಗಿ ಆರು ವರ್ಷಗಳಾದವು. ಅದಕ್ಕೂ ಮೊದಲು ಮಾಳಿಗೆಯ ಮೇಲೆ ನಿಂತು ಅರ್ಘ್ಯ ಕೊಡುತ್ತಿದ್ದೆ. ಎಪ್ಪತ್ತೆರಡು ದಾಟಿದ ಮೇಲೆ ನನ್ನ ಮೊಣಕಾಲುಗಳು ಆ ಮೆಟ್ಟಿಲುಗಳೊಡನೆ ಇದ್ದ ಸಂಬಂಧವನ್ನು ಕಡಿದುಕೊಂಡವು. ಈಗ ಪಡಸಾಲೆಯ ಪೂರ್ವದ ಗೋಡೆಗೆ ಎದುರಾಗಿ ನಿಲ್ಲುತ್ತೇನೆ. ಅಲ್ಲಿ ನೆಲದಿಂದ ಮಾಳಿಗೆಯವರೆಗೆ ಎದ್ದ ನಾಲ್ಕು ದೊಡ್ಡ ಗಾಜುಗಳಿವೆ. ಮನೆ ಕಟ್ಟಿಸಿದಾಗ ಎಂಜಿನಿಯರು ಅದನ್ನು ‘ಎಲಿವೇಶನ್’ ಎಂದರು. ಬೆಳಕು ಬರುತ್ತದೆ ಎಂದು ನಾನು ಹಿಗ್ಗಿದೆ. ಆ ಗಾಜುಗಳು ತೆರೆಯುವುದಿಲ್ಲ, ಒರೆಸಬೇಕಾದರೆ ಯಾರಾದರೂ ಹೊರಗಿನಿಂದ ಹದಿನೆಂಟು ಅಡಿ ಏರಬೇಕು ಎಂಬ ಯೋಚನೆ ಆಗ ನಮ್ಮಿಬ್ಬರಿಗೂ ಬರಲಿಲ್ಲ.

ಸುತ್ತಲಿನ ಕಾರ್ಖಾನೆಗಳು ಕಬ್ಬು ಅರೆಯತೊಡಗಿದವೆಂದರೆ ನಮ್ಮ ಜಮಖಂಡಿಯ ಆಕಾಶದಿಂದ ಕರಿಯ ಬೂದಿ ಉದುರುತ್ತದೆ. ತರ್ಪಣಕ್ಕೆ ಇಟ್ಟ ಎಳ್ಳನ್ನು ಯಾರೋ ಮೇಲಿನಿಂದ ಚೆಲ್ಲುತ್ತಿರುವಂತೆ. ಒಣಹಾಕಿದ ಮಡಿಯ ಮೇಲೆ, ತುಳಸಿಯ ಎಲೆಯ ಮೇಲೆ, ಗಾಜಿನ ಮೇಲೆ ಅದು ಕೂರುತ್ತದೆ. ಇಬ್ಬನಿ ಬಿದ್ದರೆ ಅಂಟುತ್ತದೆ. ಎಂಟು ದಿನ ಬಿಟ್ಟರೆ ಸೂರ್ಯನು ಗ್ರಹಣ ಹಿಡಿದವನಂತೆ ಕಾಣುತ್ತಾನೆ. ಗ್ರಹಣಕಾಲದ ನಿಯಮವನ್ನು ಅಕ್ಷರಶಃ ಪಾಲಿಸುವುದಾದರೆ ಕಬ್ಬು ಅರೆಯುವ ಹಂಗಾಮಿನ ಐದು ತಿಂಗಳೂ ನಾನು ದಿನಕ್ಕೆರಡು ಸ್ನಾನ ಮಾಡಿ ಉಪವಾಸವಿರಬೇಕಾಗಿತ್ತು. ಅಷ್ಟು ಭಕ್ತಿ ನನ್ನಲ್ಲಿಲ್ಲ. ಆದ್ದರಿಂದ ಗಾಜು ಒರೆಸುವವನನ್ನು ಕರೆಸಿದೆ.

ಬಂದವನು ಬನಹಟ್ಟಿಯ ಹಣಮಂತ. ಇಪ್ಪತ್ತು ವರ್ಷ ಮಗ್ಗ ನಡೆಸಿದವನು. ಮಗ್ಗ ನಿಂತ ಮೇಲೆ ಒಂದು ಏಣಿ, ಎರಡು ಬಕೆಟ್ಟು, ರಬ್ಬರಿನ ಪಟ್ಟಿ ಕಟ್ಟಿದ ಒಂದು ಕೋಲು, ಇಷ್ಟನ್ನು ಕೊಂಡು ಗಾಜಿನ ಕೆಲಸಕ್ಕೆ ಇಳಿದಿದ್ದ. ಜೊತೆಗೆ ಅವನ ಹೆಂಡತಿ ಶಾಂತವ್ವ. ಅವನು ಮೇಲೇರಿ ಒರೆಸುವನು. ಅವಳು ಕೆಳಗಿನ ಮೆಟ್ಟಿಲಿನ ಮೇಲೆ ಒಂದು ಪಾದವೂರಿ, ಎರಡು ಕೈಗಳಿಂದ ಏಣಿಯನ್ನು ಹಿಡಿದು, ಕತ್ತೆತ್ತಿ ನಿಲ್ಲುವಳು. ಮಾತಿಲ್ಲ. ಅವನು ಒಂದು ಬದಿಗೆ ಹೆಚ್ಚು ವಾಲಿದಾಗ ಮಾತ್ರ, “ಸಾಕ್ರಿ, ಇಳೀರಿ, ಏಣಿ ಸರಸೋಣು,” ಎನ್ನುವಳು. ಅವನು ಇಳಿಯುವನು.

ಮೊದಲ ದಿನ ಕೆಲಸಕ್ಕೆ ಮುಂಚೆ ದರದ ಮಾತಾಯಿತು.

“ನಾಕು ಗಾಜಿಗೆ ನಾನೂರು ಆಗತೈತ್ರಿ, ಆಚಾರ್ರ,” ಎಂದ ಹಣಮಂತ.

“ನಾನೂರ? ಒರಸಾಂವ ನೀ ಒಬ್ಬ. ಆಕಿ ಕೆಳಗ ಸುಮ್ಮನ ನಿಂತಿರತಾಳ. ನಿಂತದ್ದಕ್ಕೂ ಪಗಾರೇನಪಾ?”

“ಆಕಿ ಕೆಳಗ ನಿಂತಾಳಂತನ ನಾ ಮ್ಯಾಲ ನಿಂದರತೇನ್ರಿ.”

“ಮಾತು ಛಲೋ ಕಲತೀ. ಇನ್ನೂರು ತಗೋ. ದೇವರ ಕೆಲಸ ಅಂತ ತಿಳಕೋ. ಸೂರ್ಯದರ್ಶನ ಮಾಡಿಸಿದ ಪುಣ್ಯ ನಿನಗೂ ಬರತದ.”

ಶಾಂತವ್ವ ಸೆರಗು ಸಿಕ್ಕಿಸಿಕೊಳ್ಳುತ್ತ ಗಂಡನ ಕಡೆ ತಿರುಗಿ, “ಪುಣ್ಯಾ ಇಬ್ಬರಿಗೂ ಬರತೈತೋ, ಒರಸಾಂವಗಷ್ಟ ಬರತೈತೋ, ಅದನ್ನೊಂದ ಕೇಳ್ರಿ ಅವರನ್ನ,” ಎಂದಳು.

ನಾನು ನಕ್ಕೆ. ಅವರೂ ನಕ್ಕರು. ಆ ನಗುವನ್ನೇ ಒಪ್ಪಿಗೆಯೆಂದು ಭಾವಿಸಿದೆ. ಮೂರು ದಿನದಿಂದ ಅವರಿಗೆ ಕೆಲಸ ಸಿಕ್ಕಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಚೌಕಾಸಿಯ ವಿಷಯದಲ್ಲಿ ನಮ್ಮ ಮನೆತನಕ್ಕೆ ಒಂದು ನಿಯಮವಿದೆ. ದೇವರಿಗೆ ಏರಿಸುವ ಹೂವು, ಹಣ್ಣು, ತೆಂಗಿನಕಾಯಿಗಳಿಗೆ ಚೌಕಾಸಿ ಮಾಡಬಾರದು. ಮಾಡಿದರೆ ಪೂಜೆಯ ಫಲದಲ್ಲಿ ಅಷ್ಟು ಭಾಗ ಮಾರಿದವನ ಪಾಲಾಗುತ್ತದೆ ಎಂದು ನನ್ನ ತಂದೆಯವರು ಹೇಳುತ್ತಿದ್ದರು. ಹೂವಿನವಳು ಮೊಳಕ್ಕೆ ಎಷ್ಟು ಕೇಳಿದರೂ ನಾನು ತುಟಿ ಬಿಚ್ಚುವುದಿಲ್ಲ. ಹೂವು ಹೋಗುವುದು ದೇವರ ಮುಡಿಗೆ, ಗಾಜು ಇರುವುದು ಗೋಡೆಯಲ್ಲಿ, ಹೀಗೆ ನಾನು ಎರಡನ್ನೂ ಬೇರೆ ಮಾಡಿಟ್ಟಿದ್ದೆ. ಇನ್ನು ನಾವು ವೈದಿಕರು ದರ ಹೇಳುವ ಬಗೆಯೇ ಬೇರೆ. “ಯಥಾಶಕ್ತಿ ಕೊಡ್ರಿ” ಎಂದು ಬಾಯಿಂದ ಹೇಳಿ, ಶಕ್ತಿ ಎಷ್ಟಿರಬೇಕಾಗಿತ್ತು ಎಂಬುದನ್ನು ಮುಖದಿಂದ ತಿಳಿಸುತ್ತೇವೆ. ನನ್ನ ಮುಖ ಈ ಕಲೆಯಲ್ಲಿ ಪಳಗಿದ್ದು. ಪಾಪ, ಹಣಮಂತನಿಗೆ ಅಂಥ ಮುಖವಿರಲಿಲ್ಲ.

ಅಷ್ಟಕ್ಕೆ ಮುಗಿದಿದ್ದರೆ ಇದು ಒಂದು ಮನೆಯ ಜಿಪುಣತನವಾಗಿ ಉಳಿಯುತ್ತಿತ್ತು. ಏಕಾದಶಿಯ ಸಂಜೆ ಮಠದಲ್ಲಿ ನನ್ನ ಪ್ರವಚನವಿತ್ತು. ವಿಷಯ ನಿಷ್ಕಾಮ ಕರ್ಮ. ಉದಾಹರಣೆಗಾಗಿ ಹುಡುಕುತ್ತಿದ್ದಾಗ ಹಣಮಂತ ನೆನಪಾದ. “ನಮ್ಮ ನಡುವೆಯೇ ಒಬ್ಬನಿದ್ದಾನೆ. ಗಾಜಿಗೆ ಐವತ್ತೇ ರೂಪಾಯಿ. ಹೆಚ್ಚಿನ ಆಸೆಯಿಲ್ಲ. ಪ್ರಾಣವನ್ನು ಏಣಿಯ ತುದಿಯಲ್ಲಿಟ್ಟು ಪರರಿಗೆ ಬೆಳಕು ಕೊಡುತ್ತಾನೆ,” ಎಂದೆ. ಜನ ತಲೆದೂಗಿದರು. ನನ್ನ ಕಣ್ಣೂ ಒದ್ದೆಯಾಯಿತು. ಅವನ ದರವನ್ನು ನಾನೇ ಅರ್ಧಕ್ಕಿಳಿಸಿ, ಉಳಿದ ಅರ್ಧಕ್ಕೆ ಅವನನ್ನೇ ವಿರಕ್ತನೆಂದು ಹೊಗಳುತ್ತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಮುಂದಿನವಾರ ಅವನು ಯಾರ ಅಂಗಡಿಗೆ ಹೋದರೂ, “ಆಚಾರ್ರ ಮನ್ಯಾಗ ಐವತ್ತು ತಗೋತಿ, ನಮಗ್ಯಾಕ ನೂರು?” ಎಂಬ ಮಾತೇ ಎದುರಾಯಿತಂತೆ. ಜಮಖಂಡಿಯಿಂದ ತೇರದಾಳಕ್ಕೆ ನನ್ನ ಮಾತು ಬಸ್ಸಿಗಿಂತ ಮೊದಲೇ ತಲುಪಿತ್ತು. ಈ ಕೆಲಸಕ್ಕೆ ಸಂಘವಿಲ್ಲ, ದರಪಟ್ಟಿಯಿಲ್ಲ. ಮುಧೋಳದಲ್ಲಿ ಇಬ್ಬರು ಅಣ್ಣತಮ್ಮಂದಿರು, ಬೀಳಗಿಯಲ್ಲಿ ಒಬ್ಬ, ರಬಕವಿ-ಬನಹಟ್ಟಿಗೆ ಹಣಮಂತ, ಇಷ್ಟೇ ಜನ. ಒಬ್ಬನು ಐವತ್ತಕ್ಕೆ ಇಳಿದಮೇಲೆ ಉಳಿದವರೂ ಇಳಿದರು. ಬೀಳಗಿಯವನು ನಲವತ್ತಕ್ಕೆ ಹೋದ. ನೂರು ರೂಪಾಯಿಯಲ್ಲಿ ಏಣಿಯ ಮೇಲೊಬ್ಬರಿಗೆ, ಬುಡದಲ್ಲೊಬ್ಬರಿಗೆ ಅನ್ನವಿತ್ತು. ಐವತ್ತರಲ್ಲಿ ಒಬ್ಬರಿಗೆ ಮಾತ್ರ.

ಮರುವರ್ಷ ಹಂಗಾಮು ಆರಂಭವಾದಾಗ ಹಣಮಂತ ಒಬ್ಬನೇ ಬಂದ. ಏಣಿಯನ್ನು ಗೋಡೆಗೆ ಒರಗಿಸಿ, ಮೊಪೆಡ್ಡಿನ ಚೀಲದಿಂದ ಎರಡು ಕಲ್ಲುಗಳನ್ನು ತೆಗೆದು ಅದರ ಎರಡು ಕಾಲುಗಳಿಗೆ ಆನಿಸಿದ. ನಮ್ಮ ಮನೆಯವರು ಚಹಾ ಕೊಡಲು ಬಂದವರು, “ಶಾಂತವ್ವ ಎಲ್ಲಿ?” ಎಂದು ಕೇಳಿದರು. ನಾನು ಕೇಳಿರಲಿಲ್ಲ.

“ಮಗ್ಗದವರ ಮನ್ಯಾಗ ನೂಲಿನ ಕಂಡಿಕಿ ಸುತ್ತಾಕ ಹೊಕ್ಕಾಳ್ರಿ ತಾಯಿ. ಇಬ್ಬರೂ ಒಂದ ಏಣಿಗೆ ಜೋತು ಬಿದ್ದರ ಒಲಿ ಹತ್ತೂದಿಲ್ಲ. ಈ ಕಲ್ಲ ಹೆಂಗರೀ? ಚಹಾನೂ ಕೇಳೂದಿಲ್ಲ.”

ನಾನು ಆ ಕಲ್ಲುಗಳನ್ನು ನೋಡಿ, “ಬುದ್ಧಿವಂತ ಇದ್ದೀ ಬಿಡು,” ಎಂದು ಬೆನ್ನು ತಟ್ಟಿದೆ. ಇನ್ನೂರು ರೂಪಾಯಿ ಕೊಟ್ಟೆ. ಗಾಜು ಫಳಫಳ ಹೊಳೆಯಿತು. ಮರುದಿನ ಸೂರ್ಯನಾರಾಯಣನು ಪೂರ್ಣವಾಗಿ ದರ್ಶನ ಕೊಟ್ಟ.

ಅದೇ ಹಂಗಾಮಿನ ಮಾಘಮಾಸದಲ್ಲಿ ಒಂದು ಸಂಜೆ ಮಠದ ಮೆಟ್ಟಿಲಿನ ಮೇಲೆ ಪರಿಚಿತರೊಬ್ಬರು ಚಪ್ಪಲಿ ಬಿಡುತ್ತ, “ನಿಮ್ಮ ಆ ನಿಷ್ಕಾಮಿ ಬಿದ್ದನಂತ್ರೀ, ಆಚಾರ್ರ,” ಎಂದರು. ಮುಧೋಳದ ಒಂದು ಬಟ್ಟೆ ಅಂಗಡಿಯ ಎರಡನೆಯ ಮಹಡಿಯ ಗಾಜು. ಮುಂದಿನ ನೆಲಕ್ಕೆ ನುಣುಪಾದ ಹಾಸುಗಲ್ಲು. ಸಾಬೂನಿನ ನೀರು ಹರಿದು ಬಂದು ಏಣಿಗೆ ಆನಿಸಿದ ಕಲ್ಲಿನ ಕೆಳಗೆ ಸೇರಿದೆ. ಕಲ್ಲು ಜಾರಿತು. ಕಲ್ಲಿಗೆ ಕಣ್ಣಿಲ್ಲ; “ಸಾಕ್ರಿ, ಇಳೀರಿ” ಎನ್ನಲು ಬಾಯಿಯಿಲ್ಲ.

ಒಂದು ತಿಂಗಳ ನಂತರ ಬನಹಟ್ಟಿಗೆ ಹೋಗಿ ಅವನನ್ನು ಕಂಡೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹಿಂದೆ ಮಗ್ಗ ಇದ್ದ ಕೋಣೆಯಲ್ಲೇ ಮಂಚ ಹಾಕಿದ್ದರು. ನನ್ನನ್ನು ಕಂಡು ಎರಡೂ ಕೈ ಎತ್ತಿ ನಮಸ್ಕರಿಸಿದ. “ಹೆಂಗಿದ್ದೀಯಪಾ?” ಎಂದೆ.

“ನೀವ ಮಠದಾಗ ಹೇಳಿದ್ರಂತಲ್ಲರಿ, ಹಣಮಂತಗ ಆಸೆ ಇಲ್ಲ ಅಂತ. ಆವಾಗ ಸುಳ್ಳಿತ್ತು. ಈಗ ಖರೆ ಆಗೈತ್ರಿ,” ಎಂದು ನಕ್ಕ.

ನಾನು ತಲೆ ತಗ್ಗಿಸಿದೆ. ಅವನೇ ಮುಂದುವರಿಸಿದ: “ಬೈಯಾಕ ಹೇಳಲಿಲ್ರಿ. ಒಂದ ಕೆಲಸ ಮಾಡ್ರಿ. ಶಾಂತವ್ವ ಇನ್ನ ತಾನ ಏಣಿ ಹತ್ತತೇನಂತಾಳ. ಕಂಡಿಕಿ ಪಗಾರದಾಗ ನನ್ನ ಔಷಧನೂ ಬರೂದಿಲ್ಲ. ಹತ್ತಲಿ. ಆದ್ರ ಕೆಳಗ ಹಿಡಿಯಾಕ ಒಬ್ಬರನ್ನ ಇಟ್ಟಕೊಳ್ಳೂವಷ್ಟು ದರ ಬೇಕಲ್ಲರಿ? ನೀವ ಇಳಿಸಿದ್ದು. ನೀವ ಏರಿಸ್ರಿ. ನಿಮ್ಮ ಮಾತು ನಡೀತೈತ್ರಿ.”

ಏರಿಸುತ್ತೇನೆಂದು ಮಾತು ಕೊಟ್ಟು ಬಂದೆ. ಹಿಂದಿರುಗುವ ಬಸ್ಸಿನಲ್ಲಿ, ಐವತ್ತು ವರ್ಷ ವಿದ್ಯಾರ್ಥಿಗಳಿಗೆ ಬಾಯಿಪಾಠ ಹೇಳಿಸಿದ ಒಂದು ಪಾಠ ಎದ್ದು ನಿಂತಿತು. ಯಜ್ಞದಲ್ಲಿ ಮುಖ್ಯ ಋತ್ವಿಜರು ನಾಲ್ವರು. ಒಬ್ಬನು ಮಂತ್ರ ಹೇಳುತ್ತಾನೆ, ಒಬ್ಬನು ಆಹುತಿ ಕೊಡುತ್ತಾನೆ, ಒಬ್ಬನು ಸಾಮಗಾನ ಮಾಡುತ್ತಾನೆ. ನಾಲ್ಕನೆಯವನಿಗೆ ಬ್ರಹ್ಮನೆಂದು ಹೆಸರು. ಅವನು ದಕ್ಷಿಣದ ಕಡೆ ಮೌನವಾಗಿ ಕುಳಿತು ನೋಡುತ್ತಿರುತ್ತಾನೆ, ಅಷ್ಟೆ. ಎಲ್ಲಿ ತಪ್ಪಿದರೆ ಅಲ್ಲಿ ತಡೆಯಬೇಕು, ತಪ್ಪದಿದ್ದರೆ ಸುಮ್ಮನಿರಬೇಕು. ಅವನಿಲ್ಲದೆ ಯಜ್ಞವಿಲ್ಲ. ನಾನು ಎಷ್ಟು ಹೋಮಗಳಲ್ಲಿ ಆ ಸ್ಥಾನದಲ್ಲಿ ಕುಳಿತಿದ್ದೇನೋ! ಒಂದು ಸಮಿತ್ತನ್ನೂ ಎತ್ತಿಡದೆ ಉಳಿದವರ ಸಮಕ್ಕೆ ದಕ್ಷಿಣೆ ಪಡೆದಿದ್ದೇನೆ. ಕೆಲವೆಡೆ ಒಂದು ಧೋತರ ಹೆಚ್ಚು. “ಸುಮ್ಮನ ಕೂತದ್ದಕ್ಕೂ ಪಗಾರೇನ್ರಿ?” ಎಂದು ಯಾವ ಯಜಮಾನನೂ ನನ್ನನ್ನು ಕೇಳಲಿಲ್ಲ. ನಮ್ಮ ಅಂಗಳದಲ್ಲಿ ಆ ಬ್ರಹ್ಮಸ್ಥಾನದಲ್ಲಿ ನಿಂತಿದ್ದವಳ ಬಗ್ಗೆ ನಾನು ಹಾಗೆ ಕೇಳಿದೆ.

ಮುಂದಿನ ಏಕಾದಶಿಯಂದು ಮಠದಲ್ಲಿ ಎಲ್ಲವನ್ನೂ ಹೇಳಿದೆ. ನನ್ನ ತಪ್ಪನ್ನು ಮುಚ್ಚಲಿಲ್ಲ. ಗಾಜಿಗೆ ನೂರು ರೂಪಾಯಿ ನ್ಯಾಯವಾದ ದರ, ಅದರಲ್ಲಿ ಒಂದು ಜೀವದ ಕಾವಲು ಇದೆ ಎಂದೆ. ಜನ ಅಂದಿನಂತೆಯೇ ತಲೆದೂಗಿದರು. ಕೆಲವರು ಕಣ್ಣನ್ನೂ ಒರೆಸಿಕೊಂಡರು. ಪ್ರಸಾದ ಹಂಚುವಾಗ ಅಂಗಡಿಯವರೊಬ್ಬರು ಬಳಿಗೆ ಬಂದು, “ನಿಮ್ಮ ಮನಸು ದೊಡ್ಡದ್ರೀ, ಆಚಾರ್ರ. ನಮ್ಮ ಅಂಗಡಿ ಸಣ್ಣದು,” ಎಂದರು. ಅವರ ಹಿಂದಿದ್ದವರು, “ಬೀಳಗಿಯಂವ ನಲವತ್ತಕ್ಕ ಬರಾಕತ್ತಾನ್ರಿ. ಐವತ್ತ ತುಟ್ಟಿ ಆತು ಅಂತೇನಿ ನಾ,” ಎಂದರು. ಇಳಿಸುವಾಗ ಊರೂರು ಸುತ್ತಿದ ನನ್ನ ಮಾತು ಏರಿಸುವಾಗ ಮಠದ ಹೊಸ್ತಿಲನ್ನೂ ದಾಟಲಿಲ್ಲ. ವಾಕ್ಸಿದ್ಧಿಯ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಭ್ರಮೆ ಅಂದಿಗೆ ಹೋಯಿತು.

ಈ ಹಂಗಾಮಿನಲ್ಲಿ ಶಾಂತವ್ವ ಒಬ್ಬಳೇ ಬಂದಳು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ. ಏಣಿಯನ್ನು ಒರಗಿಸಿ ಚೀಲಕ್ಕೆ ಕೈ ಹಾಕಿದಳು. ಚೀಲದಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. “ಅವು ಬ್ಯಾಡವ್ವಾ,” ಎಂದು ಶಲ್ಯವನ್ನು ಸೊಂಟಕ್ಕೆ ಕಟ್ಟಿ, ಅಂಗಳಕ್ಕಿಳಿದು ಏಣಿಯನ್ನು ಹಿಡಿದೆ. ಅವಳು ಒಂದು ಕ್ಷಣ ನನ್ನ ಮೊಣಕಾಲುಗಳನ್ನು ನೋಡಿದಳು. ಆಮೇಲೆ ಹತ್ತಿದಳು.

ಏಣಿ ಹಿಡಿಯುವುದೆಂದರೆ ಏನೆಂದು ಆಗ ತಿಳಿಯಿತು. ಮೇಲಿದ್ದವರ ಒಂದೊಂದು ಹೆಜ್ಜೆಯೂ ಅಂಗೈಗೆ ಬರುತ್ತದೆ. ಅವಳು ಎಡಕ್ಕೆ ಚಾಚಿದಾಗ ಏಣಿಯ ಬಲಗಾಲು ನೆಲದಿಂದ ಜೋಳದ ಕಾಳಿನಷ್ಟು ಎದ್ದಿತು, ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಕತ್ತು ನೋಯುತ್ತದೆ, ಕಣ್ಣಿಗೆ ಕೊಳೆನೀರು ಬೀಳುತ್ತದೆ, ರೆಪ್ಪೆ ಮುಚ್ಚುವಂತಿಲ್ಲ. ಅರವತ್ತು ವರ್ಷದ ಜಪದಲ್ಲಿ ನನ್ನ ಮನಸ್ಸು ಇಷ್ಟು ಹೊತ್ತು ಒಂದೇ ಕಡೆ ನಿಂತದ್ದಿಲ್ಲ. ಹಾಲಿನವನು ಬೀದಿಯಲ್ಲಿ ಸೈಕಲ್ಲು ನಿಲ್ಲಿಸಿ, “ಏನ್ರೀ ಆಚಾರ್ರ, ಈ ವಯಸ್ಸಿನ್ಯಾಗ ಏಣಿ ಹತ್ತೂ ವಿಚಾರ ಐತೇನ್ರಿ?” ಎಂದು ಕೂಗಿದ.

ಕಣ್ಣು ತೆಗೆಯದೆ, “ಇಲ್ಲಪಾ, ಸುಮ್ಮನ ನಿಂತೀನಿ,” ಎಂದೆ.

“ಸಾಕವ್ವಾ, ಇಳಿ” ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಅವಳು ಇಳಿದಳು.

ಕೆಲಸ ಮುಗಿದ ಮೇಲೆ ನಾನೂರು ರೂಪಾಯಿ ಕೊಟ್ಟೆ. ಅವಳು ಒಂದು ಇನ್ನೂರರ ನೋಟನ್ನು ಕುಪ್ಪಸದಲ್ಲಿ ಇಟ್ಟುಕೊಂಡು, ಇನ್ನೊಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಇದೇನವ್ವಾ?”

“ಏಣಿ ಹಿಡದವರ ಪಾಲರೀ.”

“ನಾ ಏನು ಮಾಡಿದೆ? ಸುಮ್ಮನ ನಿಂತಿದ್ದೆ.”

“ನಾನೂ ಸುಮ್ಮನ ನಿಂದರತಿದ್ದೆನ್ರಿ, ಆಚಾರ್ರ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಏಣಿಯನ್ನು ಹೆಗಲಿಗೇರಿಸಿ ಅವಳು ಹೊರಟಳು. ಮಧ್ಯಾಹ್ನ ಮುಧೋಳದಲ್ಲಿ ಒಂದು ಅಂಗಡಿಯ ಕೆಲಸವಿತ್ತು. ಅಲ್ಲಿ ಯಾರು ಹಿಡಿಯುತ್ತಾರೆಂದು ಕೇಳಬೇಕೆಂದಿದ್ದೆ; ಅಷ್ಟರಲ್ಲಿ ಚೀಲದೊಳಗೆ ಕಲ್ಲಿಗೆ ಕಲ್ಲು ತಾಗಿದ ಸದ್ದು ಕೇಳಿಸಿತು.

ಮರುದಿನ ಮುಂಜಾನೆ ಗಾಜು ನಿರ್ಮಲವಾಗಿತ್ತು. ಅರ್ಘ್ಯಕ್ಕೆಂದು ಬೊಗಸೆಯಲ್ಲಿ ನೀರು ತುಂಬಿ ನಿಂತೆ. ಸೂರ್ಯ ಅಂಗಳದಾಚೆಯ ಗೋಡೆಯನ್ನು ದಾಟಿ ಮೇಲೆ ಬಂದ. ನಾನು ಬಹಳ ಹೊತ್ತು ಗಾಜಿನಾಚೆ ಕೆಳಗೆ, ಒದ್ದೆ ಮಣ್ಣಿನಲ್ಲಿ ಏಣಿಯ ಎರಡು ಕಾಲು ಊರಿದ್ದ ಜಾಗವನ್ನೇ ನೋಡುತ್ತಿದ್ದೆ. ಬೊಗಸೆಯ ನೀರು ಬೆರಳ ಸಂದಿಯಿಂದ ತಾನೇ ಸೋರಿಹೋಯಿತು.