ಉಳಿದ ಹದಿನೈದು ನಿಮಿಷ

ಶಿಕ್ಷೆ ಅನುಭವಿಸಿದವರು ಒಬ್ಬ ತಾಯಿ ಮತ್ತು ಅವಳ ಆರು ವರ್ಷದ ಮಗಳು. ತಪ್ಪು ಮಾಡಿದವರು ಬೇರೆ: ಪಕ್ಕದ ಕಟ್ಟಡ ಕಟ್ಟಿಸುತ್ತಿರುವ ಕಂಪನಿ, ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ, ಮತ್ತು ನಾನು. ನಮ್ಮಲ್ಲಿ ಯಾರೂ ಏನನ್ನೂ ಕಳೆದುಕೊಂಡಿಲ್ಲ. ಅವರಿಬ್ಬರು ಇದ್ದ ತಗಡಿನ ಶೆಡ್ಡಿನಲ್ಲಿ ಈಗ ಸಿಮೆಂಟಿನ ಚೀಲಗಳಿವೆ.

ನಾನು ಓದಿದ್ದು ನಾರಾಯಣಗೂಡದ ಒಂದು ಸಣ್ಣ ಶಾಲೆಯಲ್ಲಿ. ಅಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ. ಪ್ರಶ್ನೆಗಳು ಮಾತ್ರ ಇದ್ದವು. ವರ್ಷಕ್ಕೊಮ್ಮೆ ಕಿಟಕಿಗಳಿಗೆ ಕಂಬಳಿ ಕಟ್ಟಿ ನಮಗೊಂದು ಚಿತ್ರ ತೋರಿಸುತ್ತಿದ್ದರು. ಅನ್ಯಾಯದ ದೃಶ್ಯ ಬಂದಾಗಲೆಲ್ಲ ನಮ್ಮ ಅಧ್ಯಾಪಕಿ ಪ್ರೊಜೆಕ್ಟರ್ ನಿಲ್ಲಿಸಿ, ದೀಪ ಹಾಕಿ ಕೇಳುತ್ತಿದ್ದರು: ಇಲ್ಲಿ ಯಾರಿಗೆ ನೋವಾಯಿತು? ಯಾರಿಂದ? ಇನ್ನೊಂದು ನಿಯಮವೂ ಇತ್ತು. ಕಥೆಯ ಕೊನೆಯನ್ನು ಮಕ್ಕಳಿಗೆ ಎಂದೂ ಹೇಳಿಬಿಡಬಾರದು. ಅದನ್ನು ಮೊದಲು ಅವರೇ ಕಲ್ಪಿಸಿ ಚಿತ್ರ ಬರೆಯಬೇಕು, ಆಮೇಲಷ್ಟೇ ನೋಡಬೇಕು. ನಾನು ಕಾರ್ಯಕರ್ತೆಯಾದದ್ದು ಆ ದೀಪದ ಕೆಳಗೆ. ಇದನ್ನು ಇಷ್ಟು ದಿನ ಹೆಮ್ಮೆಯಿಂದಲೇ ಹೇಳಿಕೊಂಡು ಬಂದಿದ್ದೆ.

ಈ ಬೇಸಿಗೆಯಲ್ಲಿ ಅಬಿಡ್ಸ್‌ನ ಫುಟ್‌ಪಾತಿನಲ್ಲಿ, ಹಳೆಯ ಪುಸ್ತಕಗಳ ರಾಶಿಯ ನಡುವೆ, ನಾನು ಆ ಶಾಲೆಯಲ್ಲಿ ನೋಡಿದ್ದ ಒಂದು ಚಿತ್ರದ ಡಿಸ್ಕ್ ಸಿಕ್ಕಿತು. ಕೈಯಿಂದ ಬರೆದ ಕಾರ್ಟೂನ್ ಚಿತ್ರ, ಹಿಂದಿಗೆ ಡಬ್ ಆದದ್ದು. ನೀರುನಾಯಿಯೊಂದು ತನ್ನ ಮರಿಯನ್ನು ಹೊಳೆಯ ನಡುವಿನ ಬಂಡೆಯ ಮೇಲೆ ಕೂರಿಸಿ, ನಾನು ಬರುವವರೆಗೆ ಇಳಿಯಬೇಡ ಎಂದು ಹೇಳಿ ಮೀನು ತರಲು ಹೋಗುತ್ತದೆ. ಪ್ರವಾಹ ಬಂದು ಮರಿ ಕೊಚ್ಚಿಹೋಗುತ್ತದೆ. ಉಳಿದದ್ದೆಲ್ಲ ಅದು ತಾಯಿಯನ್ನು ಹುಡುಕುವ ಕಥೆ. ನನ್ನ ಎಂಟು ವರ್ಷದ ಮಗಳಿಗೂ ಐದು ವರ್ಷದ ಮಗನಿಗೂ ಅದನ್ನು ತೋರಿಸಬೇಕೆಂದುಕೊಂಡೆ. ಆಮೇಲೆ ಅನ್ನಿಸಿತು: ಅವರಿಗೆ ಮಾತ್ರ ಏಕೆ?

ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ತಾಗಿಕೊಂಡೇ ಹೊಸದೊಂದು ಕಟ್ಟಡ ಏಳುತ್ತಿದೆ. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಹಗಲಿಡೀ ಅವರ ಮಕ್ಕಳು ಕಾದ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಕಾನೂನಿನ ಪ್ರಕಾರ ಅಲ್ಲೊಂದು ಶಿಶುವಿಹಾರ ಇರಬೇಕು. ನೆಲಮಾಳಿಗೆಯ ಒಂದು ಕೋಣೆಗೆ ಆ ಹೆಸರಿನ ಬೋರ್ಡೂ ಇದೆ. ಒಳಗೆ ಟೈಲ್ಸ್ ಪೆಟ್ಟಿಗೆಗಳಿವೆ. ತಪಾಸಣೆಯ ದಿನ ಅವುಗಳ ಮುಂದೆ ಎರಡು ಜಮಖಾನ ಹಾಸಿ ಫೋಟೊ ತೆಗೆಸುತ್ತಾರೆ. ಇದರ ಬಗ್ಗೆ ನಾನು ಕೊಟ್ಟ ಮನವಿಗಳಿಗೆ ಮೊಹರು ಬಿದ್ದ ಸ್ವೀಕೃತಿಗಳು ಬಂದಿವೆ. ಬೇರೇನೂ ಬಂದಿಲ್ಲ.

ಸಂಘದ ಕಾರ್ಯದರ್ಶಿ ಬೆಂಗಳೂರಿನವರು. ಕಳೆದ ರಾಜ್ಯೋತ್ಸವದಲ್ಲಿ ಕನ್ನಡದ ಮಕ್ಕಳು ಎಲ್ಲೇ ಇದ್ದರೂ ನಮ್ಮ ಮಕ್ಕಳು ಎಂದು ಭಾಷಣ ಮಾಡಿದ್ದವರು. ಶೆಡ್ಡುಗಳ ಮಕ್ಕಳಿಗೂ ಚಿತ್ರ ತೋರಿಸಬೇಕೆಂದು ಕೇಳಿದಾಗ ಕ್ಲಬ್ ಹಾಲನ್ನು ಒಂದು ಶನಿವಾರ ಮೂರರಿಂದ ಐದರವರೆಗೆ ಕೊಟ್ಟರು. ಎಂಬತ್ತು ನಿಮಿಷದ ಚಿತ್ರಕ್ಕೆ ಎರಡು ಗಂಟೆ ಧಾರಾಳವೆಂದು ನಾನು ಲೆಕ್ಕ ಹಾಕಿದ್ದೆ. ಆದರೆ ಗೇಟಿನಲ್ಲೇ ಕಾಲು ಗಂಟೆ ಹೋಯಿತು. ಪಕ್ಕದ ಫ್ಲ್ಯಾಟಿಗೆ ಬರುವ ಪಿಜ್ಜಾಕ್ಕೆ ಬೇಕಾಗದ ಪರಿಶೀಲನೆ ಹನ್ನೊಂದು ಮಕ್ಕಳಿಗೆ ಬೇಕಾಯಿತು. ಕಾವಲುಗಾರ ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡು, ಚಪ್ಪಲಿಯನ್ನು ಹೊರಗೇ ಬಿಡಿಸಿದ.

ಮೊದಲಲ್ಲಿ ಹೇಳಿದ ಆ ಆರು ವರ್ಷದ ಹುಡುಗಿ ಮುಂದಿನ ಸಾಲಿನಲ್ಲಿ ಕೂತಳು. ಯಾವುದೋ ಊರಿನ ಯಾವುದೋ ಶಾಲೆಯ ಹಳೆಯ ಯೂನಿಫಾರ್ಮ್ ತೊಟ್ಟಿದ್ದಳು. ಅವಳಿನ್ನೂ ಯಾವ ಶಾಲೆಗೂ ಸೇರಿರಲಿಲ್ಲ. ಸೋಫಾದ ಮೇಲೆ ಕೂರು ಎಂದರೆ, "ಹೊಲಸಾಕೈತ್ರಿ" ಎಂದು ನೆಲದಲ್ಲೇ ಉಳಿದಳು.

ಬಾಲ್ಯದಲ್ಲಿ ಕಾಣದ ತಪ್ಪುಗಳು ಈ ಸಲ ನನಗೆ ಸಾಲುಸಾಲಾಗಿ ಕಂಡವು. ಕಳ್ಳರೆಲ್ಲರೂ ಕಪ್ಪು ಬಣ್ಣದ ಕಾಗೆಗಳು. ಭಾರ ಹೊರುವ ಕಪ್ಪೆಗಳು ಹಾಡುತ್ತಲೇ ಹೊರುತ್ತವೆ, ಅವುಗಳ ಬೆನ್ನು ಒಮ್ಮೆಯೂ ನೋಯುವುದಿಲ್ಲ. ಮರಿಯ ತಂದೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಪ್ರತಿಯೊಂದು ಕಡೆಯಲ್ಲೂ ನಾನು ರಿಮೋಟ್ ಒತ್ತಿ ನಿಲ್ಲಿಸಿದೆ, ದೀಪ ಹಾಕಿದೆ.

ಪ್ರವಾಹದ ದೃಶ್ಯದ ನಂತರವೂ ನಿಲ್ಲಿಸಿದೆ. "ಮರಿ ಕಳೆದುಹೋದದ್ದು ಯಾರ ತಪ್ಪು?"

"ಅವರವ್ವಂದ್ರಿ," ಎಂದ ಹಿಂದಿನ ಸಾಲಿನ ಹುಡುಗ. "ಬಿಟ್ಟು ಹೋದ್ಲಲ್ರಿ."

"ಹೋಗದಿದ್ರ ಉಣ್ಣಾಕ ನೀ ತಂದ್ಕೊಡ್ತಿದ್ದೇನ್ಲೇ?" ಎಂದಳು ಆ ಹುಡುಗಿ, ತಿರುಗಿಯೂ ನೋಡದೆ. ಮಕ್ಕಳೆಲ್ಲ ನಕ್ಕರು.

ಅಷ್ಟು ಸರಿಯಾದ ಉತ್ತರವನ್ನು ನಾನು ಯಾವ ಸಭೆಯಲ್ಲೂ ಕೇಳಿರಲಿಲ್ಲ. ಸಂತೋಷದಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಷ್ಟರಲ್ಲಿ ಅವಳು ಕೇಳಿದಳು, "ಮುಂದ ಹಚ್ರಿ ಮೇಡಮ್. ಅದರ ಅವ್ವ ಬರ್ತಾಳೇನು, ನೋಡಬೇಕು."

"ನೋಡೋಣ," ಎಂದೆ. ಆಮೇಲೆ ಇನ್ನೂ ನಾಲ್ಕು ಸಲ ನಿಲ್ಲಿಸಿದೆ.

ಐದು ಗಂಟೆಗೆ ಕಾವಲುಗಾರ ಬಾಗಿಲಲ್ಲಿ ನಿಂತ. "ಮೇಡಂ, ಟೈಮ್ ಅಯಿಪೋಯಿಂದಿ," ಎಂದು ಸಮಯ ಮುಗಿದದ್ದನ್ನು ತೆಲುಗಿನಲ್ಲಿ ಹೇಳಿದ. ಹಿಂದೆಯೇ ಬಲೂನು ಹಿಡಿದವರು, ಹಾಲ್ ಒಂದು ಹುಟ್ಟುಹಬ್ಬಕ್ಕೆ ಬುಕ್ ಆಗಿತ್ತು. ಪರದೆಯ ಮೇಲೆ ಮರಿ ಒಂಟಿಯಾಗಿ ತನ್ನ ಹಳೆಯ ಬಂಡೆಗೆ ಹತ್ತುತ್ತಿತ್ತು. ಹದಿನೈದು ನಿಮಿಷ ಬಾಕಿ. ಕಾರ್ಯದರ್ಶಿಗೆ ಫೋನ್ ಮಾಡಿದೆ.

"ರೂಲ್ಸ್ ಎಲ್ರಿಗೂ ಒಂದೇ ಅಲ್ವಾ ಮೇಡಂ," ಎಂದರು ಅವರು. "ರೂಲ್ಸ್ ಬಗ್ಗೆ ನಮಗೆಲ್ಲ ಪಾಠ ಮಾಡೋರೇ ನೀವು."

ನನ್ನ ಮಗಳು ಮೆಲ್ಲಗೆ ಹೇಳಿದಳು, "ನೀನು ಸುಮ್ನೆ ಇದ್ದಿದ್ರೆ ಮುಗ್ದಿರ್ತಿತ್ತು ಅಮ್ಮಾ."

ತಾಯಿ ಬರುತ್ತಾಳೆ. ನಾನು ಹೇಳಬೇಕಾಗಿದ್ದದ್ದು ಇಷ್ಟೇ. ಎರಡು ಪದ. ಅದರ ಬದಲು, ಕಲಿತ ನಿಯಮಕ್ಕೆ ನಿಷ್ಠಳಾಗಿ, ಪ್ರತಿ ಮಗುವಿಗೂ ಒಂದು ಹಾಳೆ, ಎರಡು ಬಣ್ಣದ ಕಡ್ಡಿ ಕೊಟ್ಟೆ. ಕೊನೆಗೆ ಏನಾಗುತ್ತದೆ ಎಂಬುದನ್ನು ನೀವೇ ಬರೆಯಿರಿ, ಉಳಿದದ್ದನ್ನು ಮುಂದಿನ ಶನಿವಾರ ನೋಡೋಣ ಎಂದೆ. ಬಾಗಿಲ ಬಳಿ ಆ ಹುಡುಗಿ ನನ್ನ ಕುರ್ತಾದ ಅಂಚು ಹಿಡಿದಳು.

"ನೀವು ಪೂರಾ ನೋಡೀರಿ ಹೌದಿಲ್ರಿ? ಬಂದ್ಲೇನ್ರಿ?"

"ನಿನಗೆ ಏನನ್ನಿಸುತ್ತೆ?" ಎಂದು ಕೇಳಿದೆ.

ಅವಳು ಕುರ್ತಾದ ಅಂಚನ್ನು ಬಿಟ್ಟಳು.

ಭಾನುವಾರವೂ ಅಲ್ಲಿ ಕೆಲಸವಿರುತ್ತದೆ. ಅಂದು ಬೆಳಿಗ್ಗೆ ಅವಳು ತಾಯಿಯನ್ನು ಶೆಡ್ಡಿನಿಂದ ಹೊರಗೆ ಬಿಡಲಿಲ್ಲವಂತೆ. ಸೋಮವಾರ ಕಿರುಚುತ್ತಾ ಹಿಂದೆ ಓಡಿದಳು. ಮಂಗಳವಾರ ಮೂರನೆಯ ಮಹಡಿಯವರೆಗೆ, ಕೈಕಂಬಿಯಿಲ್ಲದ ಮೆಟ್ಟಿಲು ಹತ್ತಿ ಹೋಗಿದ್ದಳು. ಮಗು ಬೇಕೋ ಕೆಲಸ ಬೇಕೋ ನೋಡಿಕೋ ಎಂದು ಮೇಸ್ತ್ರಿ ಎಲ್ಲರೆದುರು ತಾಯಿಗೆ ಹೇಳಿದ. ಇದೆಲ್ಲ ನನಗೆ ತಿಳಿದದ್ದು ಬುಧವಾರ, ಚಿತ್ರಗಳನ್ನು ಸಂಗ್ರಹಿಸಲು ಶೆಡ್ಡುಗಳ ಕಡೆ ಹೋದಾಗ.

ಹುಡುಗಿಯ ಕಾಲನ್ನು ಹಳೆಯ ಸೀರೆಯ ಪಟ್ಟಿಯಿಂದ ಮಂಚದ ಕಾಲಿಗೆ ಕಟ್ಟಿತ್ತು. ಗಂಟು ಬಿಗಿಯಾಗಿರಲಿಲ್ಲ, ಚರ್ಮಕ್ಕೆ ತಾಗದಂತೆ ಒಳಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ತಾಯಿ ಮಧ್ಯಾಹ್ನದ ಊಟಕ್ಕೆ ಬಂದಿದ್ದಳು. ನನ್ನ ಕಣ್ಣು ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಾಯಿತು.

"ನೋಡಬ್ಯಾಡ್ರಿ ಹಂಗ," ಎಂದಳು. "ಮ್ಯಾಲಿಂದ ಬಿದ್ರ ಯಾರ್ ಕೊಡ್ತಾರ್ರಿ ನನ್ನ ಕೂಸ? ಮೊದಲ ಹಿಂಗ ಇರಲಿಲ್ಲರಿ. ಒಬ್ಬಾಕಿನ ಆಡ್ಕೊಂಡ್ ಇರ್ತಿದ್ಲು. ನೀವ್ ಅದೇನೋ ತೋರಿಸಿದ್ರಂತ. ಅವತ್ತಿನಿಂದ ಬಿಡವಲ್ಲಳ್ರಿ. ನೀ ಹ್ವಾದ್ರ ಬರೂದಿಲ್ಲ ಅಂತಾಳ."

ಹುಡುಗಿ ತನ್ನ ಹಾಳೆಯನ್ನು ನನಗೆ ಕೊಟ್ಟಳು. ಹಾಳೆಯ ತುಂಬ ನೀಲಿ ನೀರು, ಮಧ್ಯದಲ್ಲಿ ಒಂದು ಬಂಡೆ, ಬಂಡೆಯ ಮೇಲೆ ಚುಕ್ಕೆಯಷ್ಟು ಮರಿ. ಅಷ್ಟೇ.

ಆಗ ಹೇಳಿದೆ. ತಾಯಿ ಬರುತ್ತಾಳೆ, ಆ ಬಂಡೆಗೇ ಬರುತ್ತಾಳೆ, ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ಹುಡುಗಿ ನನ್ನ ಮುಖ ನೋಡಿದಳು.

"ಸುಳ್ಳರಿ," ಎಂದಳು. "ಬಂದಿದ್ರ ಅವತ್ತ ಹೇಳ್ತಿದ್ರಿ."

ಶನಿವಾರ ತೋರಿಸಿಯೇ ನಂಬಿಸುತ್ತೇನೆ ಎಂದುಕೊಂಡು ಮನೆಗೆ ಬಂದೆ. ಅದೇ ಸಂಜೆ ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಸಂಘದ ಸೂಚನೆ ಬಂತು: ಕ್ಲಬ್ ಹಾಲಿಗೆ ಇನ್ನು ಮುಂದೆ ಸೈಟ್ ಮಕ್ಕಳನ್ನು ತರತಕ್ಕದ್ದಲ್ಲ, ಸೋಫಾ ಕೊಳೆಯಾಗಿದೆ. ಒಂದು ಮಗುವೂ ಸೋಫಾದ ಮೇಲೆ ಕೂತಿರಲಿಲ್ಲ. ಆ ಸೂಚನೆಯ ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳು ಏಳುತ್ತಲೇ ಇದ್ದವು. ನಾನು ಉದ್ದನೆಯ ಪ್ರತಿಭಟನೆ ಬರೆದೆ. ಅದನ್ನು ಬರೆಯಲು, ತಿದ್ದಲು, ಕಾನೂನಿನ ಉಲ್ಲೇಖಗಳನ್ನು ಸೇರಿಸಲು ಗುರುವಾರ ಪೂರ್ತಿ ಹೋಯಿತು. ಶುಕ್ರವಾರ ಸಂಜೆ, ಕೊನೆಗೂ ಬುದ್ಧಿ ಬಂದು, ಆ ಹದಿನೈದು ನಿಮಿಷವನ್ನು ಫೋನಿಗೆ ಇಳಿಸಿಕೊಂಡು ಶೆಡ್ಡಿಗೆ ಹೋದೆ.

ಬಾಗಿಲು ತೆರೆದಿತ್ತು. ಇಬ್ಬರು ಗಂಡಸರು ಸಿಮೆಂಟಿನ ಚೀಲ ಇಳಿಸುತ್ತಿದ್ದರು. ಪಕ್ಕದ ಶೆಡ್ಡಿನ ಹೆಂಗಸು ಹೇಳಿದಳು, "ನಿನ್ನೆನ ಹ್ವಾದ್ರರಿ. ಹುಡುಗಿ ಅಳೂದು ನಿಲ್ಲಿಸವಲ್ಲದಂತ ಮೇಸ್ತ್ರಿ ಬ್ಯಾಡ ಅಂದ. ಎಲ್ಲಿಗಂತ ಹೇಳಲಿಲ್ಲ. ಎಲ್ಲಿ ಕೆಲಸ ಸಿಕ್ಕರ ಅಲ್ಲಿ."

ಅಂದಿನಿಂದ ನಾನು ಕೊಂಡಾಪುರದ ಕಡೆಯ ನಾಲ್ಕು ಸೈಟುಗಳನ್ನು ಸುತ್ತಿದ್ದೇನೆ. ಈ ನಗರದಲ್ಲಿ ಎಷ್ಟು ತಗಡಿನ ಶೆಡ್ಡುಗಳಿವೆ ಎಂಬುದು ಹುಡುಕಲು ಹೊರಟವರಿಗೆ ಮಾತ್ರ ಅರ್ಥವಾಗುತ್ತದೆ. ಎಲ್ಲೋ ಒಂದು ಕಡೆ ಒಬ್ಬ ತಾಯಿ ಪ್ರತಿ ಬೆಳಿಗ್ಗೆ ಒಂದು ಗಂಟು ಹಾಕುತ್ತಿದ್ದಾಳೆ. ಎಲ್ಲೋ ಒಂದು ಮಗು ಆ ಗಂಟಿನ ಪಕ್ಕದಲ್ಲಿ ಕೂತು ಸಂಜೆಯವರೆಗೆ ಲೋಕದ ಬಗ್ಗೆ ಒಂದೇ ವಿಷಯವನ್ನು ನಂಬುತ್ತಿದೆ, ಅದನ್ನು ಕಲಿಸಿದವಳು ನಾನು. ಬೇರೆಯವರ ತಪ್ಪುಗಳ ಪಟ್ಟಿಯನ್ನು ನಾನು ಬಹಳ ಚೆನ್ನಾಗಿ ಬರೆಯಬಲ್ಲೆ. ಈ ತಪ್ಪಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ನನ್ನ ಮಗ ಆಗಾಗ ಆ ಚಿತ್ರ ಹಾಕು ಎನ್ನುತ್ತಾನೆ. ನಾನು ಹಾಕಿಲ್ಲ.

ಕಟ್ಟಡದ ಮಾಲೀಕರೇ, ಸಂಘದ ಕಾರ್ಯದರ್ಶಿಗಳೇ, ನಿಮ್ಮಲ್ಲಿ ಪಶ್ಚಾತ್ತಾಪವನ್ನು ನಾನು ಕೇಳುತ್ತಿಲ್ಲ. ಬರುವ ಸೋಮವಾರ ಬೆಳಿಗ್ಗೆ, ಕೆಲಸ ಶುರುವಾಗುವ ಮೊದಲು, ನೆಲಮಾಳಿಗೆಯ ಆ ಕೋಣೆಯಿಂದ ಟೈಲ್ಸ್ ಪೆಟ್ಟಿಗೆಗಳನ್ನು ಹೊರಗೆ ಹಾಕಿಸಿ, ಅಲ್ಲಿ ಒಬ್ಬ ಆಯಾಳನ್ನು ಕೂರಿಸಿ. ಕ್ಲಬ್ ಹಾಲಿನ ಆ ಸೂಚನೆಯನ್ನು ಬರೆದ ಗುಂಪಿನಲ್ಲೇ ಹಿಂತೆಗೆದುಕೊಳ್ಳಿ. ನಿಮ್ಮ ಮೇಸ್ತ್ರಿಯ ಬಳಿ ಆ ತಾಯಿಯ ಫೋನ್ ನಂಬರ್ ಇದೆ. ನಾನು ಮೂರು ಸಲ ಕೇಳಿದರೂ ಅವನು ಕೊಟ್ಟಿಲ್ಲ. ಅವಳಿಗೆ ಕರೆ ಮಾಡಿಸಿ, ಕೆಲಸಕ್ಕೆ ವಾಪಸ್ ಕರೆಸಿ. ಅದಾಗದಿದ್ದರೆ ನಂಬರನ್ನಾದರೂ ನನಗೆ ಇಂದೇ ಕೊಡಿಸಿ.