ಮಲ್ಲಿಗೆಯ ಕಾಯಿ

ಆಗೆಲ್ಲ ಉಡುಪಿ ಬದಿಯ ನಮ್ಮ ಇನ್ನಂಜೆ ಊರಿನ ಮನೆಗಳಲ್ಲಿ ಬೆಳಗಾಗುವುದೇ ಮಲ್ಲಿಗೆ ಮೊಗ್ಗು ಕೊಯ್ಯುವ ಗಡಿಬಿಡಿಯಲ್ಲಿ. ಅರಳಿದ ಹೂವನ್ನು ಯಾರೂ ಕೊಳ್ಳುತ್ತಿರಲಿಲ್ಲ. ಮೊಗ್ಗನ್ನು ಕೊಯ್ಯದೆ ಗಿಡದಲ್ಲೇ ಬಿಡುವುದೆಂದರೆ ಅನ್ನ ಚೆಲ್ಲಿದ ಹಾಗೆ. ಅಮ್ಮ ಬಾಳೆನಾರಿನಲ್ಲಿ ಹೂ ಕಟ್ಟಿ ಮುಗಿಸುವ ಮೊದಲೇ ಹೂವಿನವನ ಸೈಕಲ್ ಬೆಲ್ ಕೇಳುತ್ತಿತ್ತು. ನಾನೋ ಕೂತಲ್ಲಿ ಕೂರದ ಹುಡುಗಿ, ಏಳನೇ ತರಗತಿ.

ಆ ವರ್ಷ ವಿಜ್ಞಾನದ ಮೇಷ್ಟ್ರು ದಾಸವಾಳ ಬಿಡಿಸಿ ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಂದು ತೋರಿಸಿದರು. ಅಂಡಾಶಯವೇ ಮುಂದೆ ಕಾಯಿಯಾಗುತ್ತದೆ ಎಂದರು. ನಾನು ಎದ್ದು ನಿಂತೆ.

"ಸರ್, ಮಲ್ಲಿಗೆಯ ಕಾಯಿ ಹೇಗೆ ಉಂಟು?"

ಘಟ್ಟದ ಮೇಲಿನಿಂದ ಬಂದಿದ್ದ ಮೇಷ್ಟ್ರು ತಲೆ ಕೆರೆದುಕೊಂಡರು. "ನಾನೂ ನೋಡಿಲ್ಲಮ್ಮ."

"ಮೊಗ್ಗನ್ನೇ ಕೊಯ್ದರೆ ಕಾಯಿ ಎಲ್ಲಿಂದ ಬರ್ತದೆ ಸರ್? ನಾನು ತರ್ತೇನೆ."

"ತಾರದಿದ್ದರೆ ಎಂತ ಮಾರಾಯ್ತಿ?" ಪಕ್ಕದಲ್ಲಿದ್ದ ಲಲಿತಾ ಕಿಸಕ್ಕೆಂದಳು. ಇಡೀ ತರಗತಿ ನಕ್ಕಿತು. ಇನ್ನು ಕಾಯಿ ತಾರದೆ ಶಾಲೆಯಲ್ಲಿ ಮುಖ ತೋರಿಸುವಂತಿರಲಿಲ್ಲ.

ಅಮ್ಮನನ್ನು ಕಾಡಿ ಬೇಡಿ ಗಿಡದ ಒಂದು ಗೆಲ್ಲು, ಒಂದೇ ಒಂದು ಕೊಂಬೆ, ಗಿಟ್ಟಿಸಿದೆ. ಯಾರೂ ಕೊಯ್ಯದಂತೆ ಅವಳೇ ಅದಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿದಳು. ಸಂಜೆ ಗೆಲ್ಲಿನ ಮೊಗ್ಗುಗಳೆಲ್ಲ ಒಟ್ಟಿಗೆ ಅರಳಿದವು. ದೀಪ ಹಚ್ಚಲು ಬಂದ ಅಮ್ಮ ಅಲ್ಲೇ ನಿಂತುಬಿಟ್ಟಳು.

"ಗಿಡದಲ್ಲಿ ಇಷ್ಟು ಅರಳಿದ್ದು ನಾನು ನೋಡಿಯೇ ಇರಲಿಲ್ಲ ಮಗಾ," ಎಂದಳು. ಅಷ್ಟು ವರ್ಷ ಮೊಗ್ಗು ಕೊಯ್ದವಳು! ನನಗೆ ಯಾಕೋ ಅಳು ಬಂತು.

ಆಮೇಲೆ ನನಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಗಂಜಿ ಬಟ್ಟಲು ಹಿಡಿದೇ ಗಿಡದ ಬುಡಕ್ಕೆ ಓಡುತ್ತಿದ್ದೆ. ಹೂಗಳು ಕಂದಾದವು, ಉದುರಿದವು. ಉಳಿದ ಹಸಿರು ತೊಟ್ಟು ಉಬ್ಬೀತೆಂದು ಹಿಚುಕಿ ಹಿಚುಕಿ ನೋಡಿದೆ. ಅದೂ ಒಣಗಿತು. ಅಮ್ಮ ಇನ್ನೊಂದು ಗೆಲ್ಲು ಬಿಟ್ಟಳು. ಅದರಲ್ಲೂ ಇಲ್ಲ.

ಕೊನೆಗೆ ಮೇಷ್ಟ್ರೇ ಮಣಿಪಾಲದಲ್ಲಿ ತಿಳಿದವರನ್ನು ಕೇಳಿಕೊಂಡು ಬಂದರು. "ಇದು ಗೆಲ್ಲು ನೆಟ್ಟು ನೆಟ್ಟು ಜನರೇ ಬೆಳೆಸಿಕೊಂಡು ಬಂದ ಗಿಡ. ಇದರಲ್ಲಿ ಕಾಯಿ ಕಟ್ಟುವುದಿಲ್ಲವಂತೆ," ಎಂದರು. ಲಲಿತಾಳ ನಗು ಕೇಳಲಾಗದೆ ಮಧ್ಯಾಹ್ನವೇ ಮನೆಗೆ ಓಡಿದೆ.

ಅಮ್ಮ ಬೈಯಲಿಲ್ಲ. "ಕಾಯಿ ಇಲ್ಲದಿದ್ದರೆ ಎಂತ? ನಾವು ಇದ್ದೇವಲ್ಲ ನೆಡಲಿಕ್ಕೆ," ಎಂದು ತಲೆಗೆ ಎಣ್ಣೆ ಹಚ್ಚಿದಳು.

ಅಮ್ಮ ಹೋಗಿ ಬಹಳ ಕಾಲವಾಯಿತು. ಮೊನ್ನೆ ಊರಿಗೆ ಹೋದಾಗ ಮನೆಯ ಮುಂದಿನ ರಸ್ತೆ ಅಗಲವಾಗಿ ಅಂಗಳದವರೆಗೆ ಬಂದಿತ್ತು. ಗಿಡಗಳಿದ್ದಲ್ಲಿ ಡಾಂಬರು. ಮಲ್ಲಿಗೆಗೇನು, ಉಡುಪಿ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೂ ಸುಮ್ಮನಿರಲಾಗಲಿಲ್ಲ. ಬೇಲಿಯ ಬದಿ, ಬಾವಿಯ ಹಿಂದೆ ಎಲ್ಲ ಕಣ್ಣಾಡಿಸಿದೆ. ಬೇರೆ ಗಿಡವಾಗಿದ್ದರೆ ಎಲ್ಲೋ ಬಿದ್ದ ಬೀಜವೊಂದು ಮೊಳೆತಿದ್ದೀತು. ಅಮ್ಮನ ಗಿಡಕ್ಕೆ ಅಮ್ಮನ ಕೈಯೊಂದೇ ಇತ್ತು.